ಬೀಗ ಹಾಕಿದ ಮನೆಗಳ ಪತ್ರಿಕೆ

ದುರ್ಗಿಗುಡಿಯ ಪ್ರೆಸ್ಸಿನ ಮುಂದೆ ಹಸಿ ಮಸಿಯ ವಾಸನೆ ಬಡಿದರೆ ಈಗಲೂ ನಾನು ಸದ್ದಿಲ್ಲದೆ ಹೆಜ್ಜೆ ಇಡುತ್ತೇನೆ.

ಸೇಲಂನಿಂದ ಭದ್ರಾವತಿಗೆ ಬಂದಿದ್ದ ತಾತ, ಅಲ್ಲಿನ ಕಾರ್ಖಾನೆಯ ಕಾರ್ಮಿಕರಿಗಾಗಿ, ಮಾಲೀಕರಿಗೆ ಕಂಡರಾಗದ ತಮಿಳು ಪತ್ರಿಕೆಯೊಂದನ್ನು ನಡೆಸುತ್ತಿದ್ದರು. ಕಾರ್ಖಾನೆ ಮುಚ್ಚಿ ಕ್ವಾರ್ಟರ್ಸ್ ಖಾಲಿಯಾದ ಮೇಲೂ ನಿಲ್ಲಿಸಲಿಲ್ಲ. ಒಂದು ಮಧ್ಯಾಹ್ನ ನನ್ನನ್ನೂ ಅಲ್ಲಿಗೆ ಕರೆದುಕೊಂಡು ಹೋಗಿ, ತುಕ್ಕು ಹಿಡಿದ ಬೀಗಗಳಿದ್ದ ಬಾಗಿಲುಗಳಡಿ ಒಂದೊಂದೇ ಪ್ರತಿ ತೂರಿಸುತ್ತಾ ನಡೆದರು.

"ಯಾರೂ ಇಲ್ವಲ್ಲ ತಾತ, ಯಾರು ಓದ್ತಾರೆ?" ಎಂದೆ.

"ನೀನೇ ಹಾಕಿ ನೋಡಮ್ಮ," ಎಂದು ಪತ್ರಿಕೆ ನನ್ನ ಕೈಗಿತ್ತರು.

ಕೊನೆಯ ಬಾಗಿಲಡಿ ತೂರಿಸಿದೆ. ಅರ್ಧ ಇನ್ನೂ ನನ್ನ ಕೈಯಲ್ಲಿರುವಾಗಲೇ ಒಳಗಿನಿಂದ ಯಾರೋ ಮೆಲ್ಲಗೆ ಎಳೆದುಕೊಂಡರು. ಬೆರಳಿಗೆ ಮಸಿ ಉಳಿಯಿತು.

ತಾತ ಬೆಚ್ಚಲಿಲ್ಲ. ಬಾಗಿಲಿಗೆ ಕಿವಿಗೊಟ್ಟು ನಿಂತು, "ಸದ್ದು ಮಾಡ್ಬೇಡ," ಎಂದರು. "ಓದ್ತಾ ಇದಾರೆ."