ಹತ್ತನೇ ನಂಬರಿನ ಮೊಣಕಾಲು

ಎದುರಾಳಿಗಳ ಆರನೇ ಗೋಲು ಬಿದ್ದ ಮೇಲೆ ಜನ ಕೆಂಪು ಬಾವುಟಗಳನ್ನು ಕುರ್ಚಿಯಡಿ ಎಸೆದು, ಬೈಯುತ್ತ ಗ್ಯಾಲರಿ ಇಳಿಯತೊಡಗಿದರು.

"ಏಳಿ ಭಾವ, ಇನ್ನೇನಿದೆ ನೋಡೋಕೆ?" ಎಂದ ಚೌರಪ್ಪನ ಹೆಂಡತಿಯ ತಮ್ಮ ಇನ್ನಾಸಪ್ಪ.

"ನೀನು ಹೋಗಪ್ಪ. ಕಾಲನ್ನ ಇಲ್ಲಿ ಬಿಟ್ಟು ನಾನೆಲ್ಲಿಗೆ ಬರ್ಲಿ?" ಚೌರಪ್ಪ ಊರುಗೋಲನ್ನು ತೊಡೆಗೆ ಒರಗಿಸಿಕೊಂಡ. ಗಾಯಾಳುಗಳೇ ತುಂಬಿದ್ದ ತಂಡಕ್ಕೆ ಎಂದಿನಂತೆ ಅಭಿಮಾನಿಗಳೇ ತಮ್ಮ ಕೈಕಾಲು ಕಳಚಿ ಎರವಲು ಕೊಟ್ಟಿದ್ದರು. ಅವನ ಬಲ ಮೊಣಕಾಲು ಈಗ ಹತ್ತನೇ ನಂಬರಿನ ಹುಡುಗನದು. ಸೀಸನ್ ಮುಗಿಯುವವರೆಗೆ ವಾಪಸ್ಸು ಕೇಳುವಂತಿಲ್ಲ.

ಅಷ್ಟರಲ್ಲಿ ಎದುರಾಳಿ ಗೋಲ್‌ಕೀಪರ್ ಜಾರಿ ಬಿದ್ದ. ಹುಡುಗನ ಮುಂದೆ ಇಡೀ ಗೋಲು ಖಾಲಿಯಿತ್ತು. ಅವನು ಚೆಂಡನ್ನು ಆಕಾಶಕ್ಕೆ ಒದ್ದ.

"ಥೂ, ಇವನ ಕಾಲು ಮುರ್ದೋಗ!"

ಎಲ್ಲರಿಗಿಂತ ಜೋರಾಗಿ ಕೂಗಿದವನು ಚೌರಪ್ಪನೇ. ಮರುಕ್ಷಣ ಬಾಯಿ ಮುಚ್ಚಿಕೊಂಡು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡ.

ಆಟ ಮುಗಿದ ಶಿಳ್ಳೆ ಕೇಳಿದಾಗ ಗ್ಯಾಲರಿಯಲ್ಲಿ ಉಳಿದವರೆಲ್ಲ ಅವನಂಥವರೇ. ಒಬ್ಬನಿಗೆ ಪಾದವಿರಲಿಲ್ಲ, ಇನ್ನೊಬ್ಬನಿಗೆ ಭುಜ. ಯಾರೂ ಬೈಯಲಿಲ್ಲ. ಹುಡುಗ ತಲೆ ತಗ್ಗಿಸಿ, ಎರಡೆರಡು ಮೆಟ್ಟಿಲು ಹಾರುತ್ತ ಡ್ರೆಸ್ಸಿಂಗ್ ರೂಮಿನತ್ತ ಓಡಿದ. ಚೌರಪ್ಪ ಊರುಗೋಲೂರಿ ಎದ್ದ.

"ಲೇ ಮಗಾ," ಎಂದು ಕಂಬಿ ಹಿಡಿದು ಅರಚಿದ, "ಮೆಟ್ಟಿಲು ನಿಧಾನಕ್ಕೆ ಹತ್ತೋ!"