ರೊಟ್ಟಿಯ ತಾಳ

"ಅಜ್ಜೀ, ಪುಗ್ಗಾ ಮುಟ್ರಿ. ಬಲಗೈ ಎತ್ರಿ," ಎಂದಳು ಊರಿನ ದವಾಖಾನೆಗೆ ಬಂದಿದ್ದ ಫಿಜಿಯೋಥೆರಪಿಸ್ಟ್ ಪಲ್ಲವಿ. ಪರದೆಯ ಮೇಲೆ ಕೆಂಪು ಬಲೂನು ತೇಲುತ್ತಿತ್ತು. ಕ್ಯಾಮೆರಾದ ಎದುರು ಕುಳಿತ ಕಸ್ತೂರೆವ್ವ ಕೈ ಎತ್ತಿದರಷ್ಟೇ ಪರದೆಯೊಳಗಿನ ಕೈ ಏಳುತ್ತಿತ್ತು. ಲಕ್ವಾ ಹೊಡೆದ ಆ ಕೈ ತೊಡೆಯ ಮೇಲೆ ಬಿದ್ದೇ ಇತ್ತು. ಮಾತೂ ಹೋಗಿದ್ದ ಮುದುಕಿ ಸೊಸೆ ಯಶೋಧಾಳ ಮುಖ ನೋಡಿದಳು.

"ನಾಳೆ ಈ ಮಷೀನ್ ಸಿಂದಗಿಗೆ ಹೋಗತೈತ್ರಿ. ಕೈ ಒಂದೀಟರೆ ಅಲುಗಾಡಿದ್ರ ಅಲ್ಲಿಗೆ ಕರಸ್ತಿದ್ವಿ," ಎನ್ನುತ್ತ ಪಲ್ಲವಿ ವೈರು ಬಿಚ್ಚಲು ಬಗ್ಗಿದಳು. ಆಗ ಪಕ್ಕದ ಖಾನಾವಳಿಯಲ್ಲಿ ಯಾರೋ ರೊಟ್ಟಿ ಬಡಿಯತೊಡಗಿದರು. ತಪ್ ತಪ್ ತಪ್. ಕಸ್ತೂರೆವ್ವನ ಬಲಗೈ ಬೆರಳು ಬಿಚ್ಚಿಕೊಂಡವು. ಅಂಗೈ ತೊಡೆಯನ್ನು ಮೆಲ್ಲಗೆ ಬಡಿಯಿತು, ರೊಟ್ಟಿ ತಿರುಗಿಸುವಂತೆ ಸ್ವಲ್ಪ ಹೊರಳಿ ಮತ್ತೆ ಬಡಿಯಿತು.

"ಮೇಡಮ್ಮಾರ, ನೋಡ್ರಿ! ಕೈ ಆಡಾಕತ್ತೈತ್ರಿ!" ಯಶೋಧಾ ಕೂಗಿದಳು.

ಪಲ್ಲವಿ ತಟ್ಟನೆ ತಿರುಗಿ ಮೊದಲು ನೋಡಿದ್ದು ಪರದೆಯನ್ನು. ಅಲ್ಲಿನ ಕೈ ಅಲುಗಿರಲಿಲ್ಲ. ಮೇಲೆ ಏಳದ ಕೈ ಅದರ ಲೆಕ್ಕಕ್ಕೆ ಬರುತ್ತಿರಲಿಲ್ಲ. ಅವಳು ಮುದುಕಿಯ ಕಡೆ ಕಣ್ಣು ಹೊರಳಿಸುವಷ್ಟರಲ್ಲಿ ಪಕ್ಕದ ಸಪ್ಪಳ ನಿಂತಿತು. ಕೈಯೂ ನಿಂತಿತು.

"ನಿಂದರ್ರಿ, ಈಗ ಮಾಡ್ತಾಳ," ಎಂದು ಯಶೋಧಾ ಮೇಜಿನ ಮೇಲೆ ಅಂಗೈ ಬಡಿದಳು. ಜೋರಾಗಿ ಬಡಿದಳು, ಮೆಲ್ಲಗೆ ಬಡಿದಳು. ಅತ್ತೆ ಪಕ್ಕದಲ್ಲೇ ಕೂರಿಸಿಕೊಂಡು ಬೈದು ಬೈದು ಕಲಿಸಿದರೂ ಅವಳ ಕೈಗೆ ರೊಟ್ಟಿ ಬಡಿಯುವ ಆ ತಾಳ ಎಂದೂ ಹತ್ತಿರಲಿಲ್ಲ. ತೊಡೆಯ ಮೇಲಿನ ಕೈ ಮಿಸುಕಲಿಲ್ಲ. ಸೊಸೆಯ ರೊಟ್ಟಿ ಹರಿದಾಗಲೆಲ್ಲ ಮಾಡುತ್ತಿದ್ದಂತೆ, ಕಸ್ತೂರೆವ್ವ ತಲೆಯನ್ನು ಅಡ್ಡಡ್ಡ ಆಡಿಸಿದಳು.