ಗಾಳಿಚೀಲದ ಕಾವಲು

ಕರಾವಳಿಯ ರಸ್ತೆಗಳು ಸಮುದ್ರದ ಪಾಲಾದ ಮೇಲೆ ನಮ್ಮ ಆಸ್ಪತ್ರೆ ದೊಡ್ಡ ಬಲೂನಿಗೆ ತೂಗಿಕೊಂಡು ಊರಿಂದೂರಿಗೆ ಹಾರುತ್ತದೆ. ಆ ಮಂಗಳವಾರ ಗುಲಾಬಿ ಎಂಬಾಕೆಯ ಪಿತ್ತಕೋಶ ತೆಗೆಯಲು ನಾನು ಅವಳ ಹೊಟ್ಟೆಗೆ ಗ್ಯಾಸ್ ತುಂಬಿ, ಸಣ್ಣ ರಂಧ್ರಗಳಲ್ಲಿ ಉಪಕರಣ ಇಳಿಸಿದ್ದೆನಷ್ಟೆ. ಬಿರುಗಾಳಿ ತಪ್ಪಿಸಲು ಪೈಲಟ್ ಆಸ್ಪತ್ರೆಯನ್ನು ಮೇಲಕ್ಕೇರಿಸತೊಡಗಿದ.

ರೋಗಿಯ ತಲೆಯ ಬಳಿ ಅರಿವಳಿಕೆ ಟೆಕ್ನಿಷಿಯನ್ ಐರಿನ್ ಮೊಂತೇರೊ ಕೂತಿದ್ದಳು. ಗಂಟಲೊಳಗೆ ಇಳಿಸಿದ ಉಸಿರಿನ ಕೊಳವೆಯ ಸುತ್ತ ಇರುವ ಪುಟ್ಟ ಗಾಳಿಚೀಲ ಎತ್ತರಕ್ಕೆ ಹೋದಂತೆ ಉಬ್ಬುತ್ತದೆ. ಹೆಚ್ಚು ಉಬ್ಬಿದರೆ ಶ್ವಾಸನಾಳ ಹುಣ್ಣಾಗುತ್ತದೆ. ಕುಗ್ಗಿದರೆ ಹೊಟ್ಟೆಯ ಆಮ್ಲ ಶ್ವಾಸಕೋಶಕ್ಕೆ ಇಳಿಯಬಹುದು.

ಐರಿನ್ ಒತ್ತಡದ ಮಾಪಕ ನೋಡಿ, "ಮೂವತ್ತೆಂಟಕ್ಕೆ ಹೋಯ್ತು," ಎಂದು ಸಿರಿಂಜಿನಿಂದ ಚೂರು ಗಾಳಿ ಎಳೆದಳು. "ಈಗ ಇಪ್ಪತ್ತೈದು. ನೀವು ಹೊಟ್ಟೆ ನೋಡಿ ಡಾಕ್ಟ್ರೆ, ಗಂಟಲು ನಾನು ನೋಡ್ಕೊಳ್ತೇನೆ."

ಒಂದೂವರೆ ಗಂಟೆ ಆಸ್ಪತ್ರೆ ಏರಿತು, ಇಳಿಯಿತು, ಮತ್ತೆ ಏರಿತು. ಅವಳು ನಲವತ್ತು ಸಲವಾದರೂ ಗಾಳಿ ತೆಗೆದಿರಬೇಕು, ತುಂಬಿರಬೇಕು.

"ಕೈ ಬದಲಿಸಲು ಯಾರನ್ನಾದರೂ ಕರೆಯಲಾ?" ಎಂದೆ.

"ಬೇಡ ಮಾರಾಯ್ರೆ. ಮಾತಾಡಿದ್ರೆ ಮಾಪಕದ ಮುಳ್ಳಿನ ಮೇಲಿಂದ ಕಣ್ಣು ತಪ್ತದೆ."

ಹದಿನೆಂಟು ವರ್ಷದ ಅನುಭವದ ಸರ್ಜನ್ ನಾನು, ಬಾಯಿ ಮುಚ್ಚಿಕೊಂಡು ಹೊಲಿಗೆ ಹಾಕಿದೆ.

ಮರುದಿನ ಬೆಳಿಗ್ಗೆ ವಾರ್ಡಿನಲ್ಲಿ ಕಿವಿ ಗಡಚಿಕ್ಕುವ ಕೂಗು ಕೇಳಿ ಗಾಬರಿಯಿಂದ ಓಡಿದೆ. ಗುಲಾಬಿ ಕಿಟಕಿಗೆ ಒರಗಿ, ನೂರಡಿ ಕೆಳಗೆ ದೋಣಿಯಲ್ಲಿದ್ದ ಗಂಡನನ್ನು ಬೈಯುತ್ತಿದ್ದಳು. "ಬಲೆ ತಿರುಗಿ ಬಿದ್ದಿದೆ, ಕಾಣುದಿಲ್ವಾ ನಿಮ್ಗೆ?" ಗಂಡ ತಕ್ಷಣ ಬಲೆ ಎಳೆದುಕೊಂಡ.

ಗಂಟಲು ನೋವಿದೆಯೇ ಎಂದು ವಿಚಾರಿಸಲು ಬಂದಿದ್ದ ಐರಿನ್ ಬಾಗಿಲಲ್ಲೇ ನಿಂತಳು. ಏನೂ ಕೇಳದೆ ಫಾರಂನಲ್ಲಿ 'ಇಲ್ಲ' ಎಂದು ಬರೆದು, ಮುಂದಿನ ಮಂಚಕ್ಕೆ ಹೋದಳು.